ಚಪ್ಪಲಿ ಬಡಿಯುವ ಕೆಲಸಕ್ಕೆ ಆರು ತಿಂಗಳು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಲು ಅಪ್ಪನ ಜೊತೆ ನಮ್ಮಲ್ಲಿಗೆ ಬಂದವನು ಮೂಡಿಗೆರೆ ಕಡೆಯ ಯುವಕ, ವಯಸ್ಸು 23, ಬಿಸಿಎ ಮುಗಿಸಿದ್ದಾನೆ. ಮನೆಯವರಿಗೆ ಅವನು ಬ್ಯಾಂಕ್ ಪರೀಕ್ಷೆ ಬರೆಯಬೇಕು, ಅವನಿಗೆ ಫೋಲಿ ಕಲಾವಿದನಾಗಬೇಕು. ಪರದೆ ನೋಡುತ್ತಾ ಪಾತ್ರದ ಹೆಜ್ಜೆ, ಬಟ್ಟೆಯ ಸರಬರ, ಕೈಗೆ ತಗುಲುವ ವಸ್ತುಗಳ ಸದ್ದನ್ನು ತಾನೇ ಮಾಡಿ ರೆಕಾರ್ಡ್ ಮಾಡುವ ಕೆಲಸ ಅದು. "ಚಪ್ಪಲಿ ಬಡಿಯೋಕೂ ದುಡ್ಡು ಕೊಡ್ತಾರಾ?" ಎಂದು ಅಪ್ಪ ಕೇಳಿದ ಮೇಲೆ ಇಬ್ಬರಿಗೂ ಮಾತು ಬಿಟ್ಟಿತ್ತು. ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ದುಬಾರಿ ಶಾಟ್‌ಗನ್ ಮೈಕ್‌ಗೆ ಸಾಲ ಮಾಡುವ ಯೋಚನೆಯೂ ಅವನ ತಲೆಯಲ್ಲಿತ್ತು.

ಅಪ್ಪನ ಪ್ರಶ್ನೆ ತಪ್ಪಲ್ಲ, ಅದಕ್ಕೆ ಉತ್ತರವೂ ಇದೆ. ಕನ್ನಡ ಸಿನಿಮಾ ಹಿಂದಿಗೋ ತೆಲುಗಿಗೋ ಡಬ್ ಆಗುವಾಗ ಮಾತಿನ ಟ್ರ್ಯಾಕ್ ತೆಗೆಯುತ್ತಾರೆ. ಧ್ವನಿಯನ್ನು ಸೆಟ್‌ನಲ್ಲೇ ಹಿಡಿದಿದ್ದರೆ ಮಾತಿನ ಜೊತೆ ಬಳೆ, ಲೋಟ, ಹೆಜ್ಜೆಗಳ ಸದ್ದೂ ಹೋಗುತ್ತದೆ. ಆ ಜಾಗ ತುಂಬಲು ಫೋಲಿ ಬೇಕೇ ಬೇಕು. ಆದರೆ ತಿಂಗಳ ಸಂಬಳಕ್ಕಿಂತ ಚಿತ್ರಕ್ಕಿಷ್ಟು ಎಂಬ ಲೆಕ್ಕವೇ ಹೆಚ್ಚು. ಇದನ್ನು ಮುಚ್ಚಿಡಲಿಲ್ಲ.

ಅವನು ತಂದಿದ್ದ ಒಂದು ನಿಮಿಷದ ಮಾದರಿಯಲ್ಲಿ ದಣಿದವನೊಬ್ಬ ಒಣ ಸಿಲ್ವರ್ ಓಕ್ ಎಲೆಗಳ ಮೇಲೆ ನಡೆಯುತ್ತಾನೆ. ಎಲೆಯ ಚರಚರ ಸೊಗಸಾಗಿತ್ತು. ಹೆಜ್ಜೆ ಹೆಜ್ಜೆಯ ನಡುವೆ ಮಾತ್ರ ಮೊಬೈಲ್‌ನ ಆಟೊ ಗೇನ್ (ಸದ್ದು ಹಿಡಿಯುವ ಮಟ್ಟವನ್ನು ಹೊಂದಿಸುವ ವ್ಯವಸ್ಥೆ) ತಾನಾಗಿ ಏರಿ, ಪಕ್ಕದ ಫ್ರಿಜ್‌ನ ಗುಂಯ್ ಎದ್ದು ಬರುತ್ತಿತ್ತು. ಮೈಕ್ ಅರ್ಧ ಅಡಿಯಲ್ಲಿ ಇದ್ದುದರಿಂದ ದೂರದ ಶಾಟ್‌ನಲ್ಲೂ ಹೆಜ್ಜೆ ಕಿವಿಯೊಳಗೇ ಇಟ್ಟಂತಿತ್ತು. ದೊಡ್ಡ ತಪ್ಪೆಂದರೆ ಮೂರೇ ಹೆಜ್ಜೆ ರೆಕಾರ್ಡ್ ಮಾಡಿ ಅವನ್ನೇ ಉದ್ದಕ್ಕೂ ಅಂಟಿಸಿದ್ದ. ದಣಿದವನು ಹೊಲಿಗೆ ಮಿಷನ್‌ನಂತೆ ನಡೆಯುತ್ತಿದ್ದ.

ಸಾಲ ಬೇಡ, ಮೊದಲು ಕೋಣೆ ಸರಿಮಾಡು ಎಂದೆವು. ಹಂಚಿನ ಮೇಲೆ ಮಳೆ ಬೀಳುವ ತಿಂಗಳು ಬ್ಯಾಂಕ್ ಓದಿಗಿರಲಿ, ನವೆಂಬರ್‌ನಿಂದ ಏಪ್ರಿಲ್ ಫೋಲಿಗೆ. ಕಾಫಿ ಮೂಟೆ ಇಡುವ ಕೋಣೆ ಒಳ್ಳೆಯದು, ತುಂಬಿದ ಮೂಟೆ ಪ್ರತಿಧ್ವನಿಯನ್ನು ಹೀರುತ್ತದೆ. ಬರಿಗೋಡೆಗೆ ನಾಲ್ಕು ಬೆರಳು ಜಾಗ ಬಿಟ್ಟು ಹಳೇ ಕಂಬಳಿ ತೂಗುಹಾಕಬೇಕು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಪಂಪು ಓಡದ ಹೊತ್ತು ನೋಡಿಕೊಳ್ಳಬೇಕು. ಎರಡಡಿ ಚೌಕದ ಹಲಗೆ ಪೆಟ್ಟಿಗೆಯಲ್ಲಿ ನಾಲ್ಕು ಅಂಗುಲ ಮಣ್ಣು ತುಳಿದು ಗಟ್ಟಿಮಾಡಿ, ಮೇಲೆ ಎಲೆ ಹಾಸಬೇಕು. ಮಣ್ಣು ತೆಳುವಾದರೆ ಕೆಳಗಿನ ಹಲಗೆಯ ಟೊಳ್ಳು ಸದ್ದು ಬರುತ್ತದೆ. ನಾಲ್ಕೈದು ಟೇಕ್‌ಗೆ ಎಲೆ ಪುಡಿಯಾಗುವುದರಿಂದ ಪಕ್ಕದಲ್ಲಿ ಒಂದು ಚೀಲ ಹೊಸ ಎಲೆ ಇರಲಿ. ಸಾಧಾರಣ ರೆಕಾರ್ಡರ್ ಸಾಕು: ಮೂರು ನಾಲ್ಕು ಅಡಿ ದೂರ, ಗೇನ್ ಕೈಯಲ್ಲೇ ಹೊಂದಿಸಿದ್ದು, ರೆಕಾರ್ಡಿಂಗ್ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್, ಜೋರು ಹೆಜ್ಜೆಯೂ ರೆಕಾರ್ಡರ್ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಸುತ್ತಮುತ್ತ. ಜೀನ್ಸ್ ಬೇಡ, ತೊಡೆ ಉಜ್ಜುವ ಸದ್ದೂ ಸೇರಿಕೊಳ್ಳುತ್ತದೆ. ಹೆಜ್ಜೆ, ಬಟ್ಟೆ, ವಸ್ತು ಮೂರನ್ನೂ ಬೇರೆ ಬೇರೆ ಸುತ್ತಿನಲ್ಲಿ ಹಿಡಿಯಬೇಕು. ಪಾದ ಫ್ರೇಮಿನಲ್ಲಿ ಇಲ್ಲದಾಗ ಪಾತ್ರದ ಭುಜ ನೋಡಿದರೆ ತಾಳ ಸಿಗುತ್ತದೆ.

ಬಿಸಿಎ ದಂಡವಾಯಿತು ಎಂಬುದು ಅವನ ಕೊರಗು. ಕಂಪ್ಯೂಟರ್ ಗೇಮ್‌ಗಳ ಫೋಲಿಯಲ್ಲಿ ಅದೇ ಅವನ ಬಲ. ಅಲ್ಲಿ ಹೆಜ್ಜೆ ದೃಶ್ಯಕ್ಕೆ ಅಂಟಿರುವುದಿಲ್ಲ. ಮಣ್ಣು, ಕಲ್ಲು, ಹಲಗೆ, ಪ್ರತಿಯೊಂದಕ್ಕೂ ನಡಿಗೆ, ಓಟಗಳ ಎಂಟು ಹತ್ತು ಬೇರೆ ಬೇರೆ ಹೆಜ್ಜೆ ಕೊಟ್ಟರೆ ಗೇಮ್ ಓಡಿಸುವ ತಂತ್ರಾಂಶ (ಎಂಜಿನ್) ಅದಲುಬದಲು ಮಾಡಿ ನುಡಿಸುತ್ತದೆ. ಗೇಮ್‌ಗೆ ಸದ್ದು ಜೋಡಿಸುವ ಎಫ್‌ಮಾಡ್‌ನಂಥ ತಂತ್ರಾಂಶದಲ್ಲಿ ಅದನ್ನು ತಾನೇ ಜೋಡಿಸಬಲ್ಲವನಿಗೆ ಬರೀ ಸದ್ದು ಮಾಡುವವನಿಗಿಂತ ಬೇಗ ಕೆಲಸ ಸಿಗುತ್ತದೆ.

ಏಪ್ರಿಲ್ ಕೊನೆಗೆ ಎರಡು ನಿಮಿಷದ ಒಂದು ದೃಶ್ಯ, ಆಡಿಸಿ ತೋರಿಸಬಹುದಾದ ಒಂದು ಗೇಮ್ ತುಣುಕು ಸಿದ್ಧವಾಗಬೇಕು. ಆಗದಿದ್ದರೆ ಬ್ಯಾಂಕ್ ಅರ್ಜಿ. ಈ ಮಾತಿಗೆ ಇಬ್ಬರೂ ಒಪ್ಪಿದರು. ಅಪ್ಪ ಕೇಳಿದ್ದು ಒಂದೇ: ಮೂಟೆ ಮಾರಿದ ಮೇಲೆ ಕೋಣೆ ಖಾಲಿಯಾಗುತ್ತಲ್ಲ, ಆಗೇನು? ಗೋಣಿಚೀಲಕ್ಕೆ ಕಾಫಿ ಹೊಟ್ಟು ತುಂಬಿಸಿಡಿ ಎಂದು ಹೇಳಿ ಕಳಿಸಿದ್ದೇವೆ.