ಹೊಸ ಟ್ವೀಟರ್ ಪಳಗಲು ನೂರು ಗಂಟೆ ಬೇಕೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಹದಿನೆಂಟು ವರ್ಷ ಹಳೆಯದಾದ, ಆಗಿನ ಕಾಲಕ್ಕೆ ಬಹಳ ದುಬಾರಿಯಾಗಿದ್ದ ಒಂದು ಜೋಡಿ ಸ್ಪೀಕರ್‌ಗಳಿವೆ. ಎಡಗಡೆಯದರ ಟ್ವೀಟರ್ (ತಾರಸ್ವರಗಳನ್ನು ನುಡಿಸುವ ಪುಟ್ಟ ಘಟಕ) ಸುಟ್ಟುಹೋದುದರಿಂದ ಅದೇ ಮಾದರಿಯ ಹೊಸದನ್ನು ಹಾಕಿಸಿದೆವು. ಈಗ ಪಿಟೀಲು ಕೇಳುವಾಗ ಎಡಗಡೆಯ ದನಿ ಕಿವಿಗೆ ಚುಚ್ಚುತ್ತದೆ. ನೂರು ಗಂಟೆ ನುಡಿಸಿದರೆ ಟ್ವೀಟರ್ ಪಳಗಿ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಕಾಯಬೇಕೇ?
– ಓದುಗರು, ಮೈಸೂರು

ಉತ್ತರ: ಕಾಯಬೇಡಿ. ಆ ನೂರು ಗಂಟೆ ಮುಗಿಯುವಷ್ಟರಲ್ಲಿ ಬಿಡಿಭಾಗವನ್ನು ಹಿಂತಿರುಗಿಸುವ ಗಡುವೂ ಮುಗಿದುಹೋದೀತು. ಮಂದ್ರಸ್ವರಗಳನ್ನು ನುಡಿಸುವ ದೊಡ್ಡ ಘಟಕವಾದ ವೂಫರ್ ಹೊಸದಾಗಿದ್ದರೆ, ನುಡಿಸುತ್ತ ನುಡಿಸುತ್ತ ಅದರ ಅಂಚು ಸಡಿಲಗೊಂಡು ಅದರ ಅನುರಣನ ಆವರ್ತ (ಅದು ತಾನಾಗಿ ಹೆಚ್ಚು ಕಂಪಿಸುವ ಆವರ್ತ) ಒಂದಿಷ್ಟು ಇಳಿಯುವುದು ನಿಜ. ಟ್ವೀಟರ್‌ನ ಗುಮ್ಮಟವಾದರೋ (ಕಂಪಿಸಿ ದನಿ ಹೊರಡಿಸುವ ಉಬ್ಬಿದ ಪೊರೆ) ಅಲುಗುವುದೇ ಅತ್ಯಲ್ಪ. ಅದರ ಅನುರಣನ ಸಾಮಾನ್ಯವಾಗಿ 500ರಿಂದ 1,500 ಹರ್ಟ್ಸ್ ನಡುವೆ ಇರುತ್ತದೆ, ಕ್ರಾಸ್‌ಓವರ್ (ಯಾವ ಆವರ್ತ ಯಾವ ಘಟಕಕ್ಕೆ ಎಂದು ಹಂಚುವ ವಿದ್ಯುನ್ಮಂಡಲ) ಅದಕ್ಕೆ ಕೆಲಸ ಒಪ್ಪಿಸುವುದು ಸುಮಾರು 2,000–3,000 ಹರ್ಟ್ಸ್‌ನಿಂದ ಮೇಲಕ್ಕೆ. ಹಾಗಾಗಿ ಅನುರಣನ ಕೊಂಚ ಸರಿದರೂ ಅದು ಕೇಳುವವರ ಗಮನಕ್ಕೆ ಬರುವುದು ಕಷ್ಟ. ನೂರು ಗಂಟೆಗಳಲ್ಲಿ ಹೆಚ್ಚಾಗಿ ಪಳಗುವುದು ಕೇಳುಗರ ಕಿವಿ.

ನನಗೆ ಸಂಶಯವಿರುವುದು ಬಲಗಡೆಯ ಹಳೆಯ ಟ್ವೀಟರ್ ಮೇಲೆ. ಅನೇಕ ಟ್ವೀಟರ್‌ಗಳಲ್ಲಿ ಕಾಯಿಲ್ (ಗುಮ್ಮಟವನ್ನು ಅಲುಗಿಸುವ ತಂತಿಸುರುಳಿ) ಓಡಾಡುವ ಸಂದಿಯೊಳಗೆ ಫೆರೋಫ್ಲೂಯಿಡ್ ಎಂಬ, ಕಾಂತಕಣಗಳುಳ್ಳ ಎಣ್ಣೆ ತುಂಬಿರುತ್ತಾರೆ (1963ರಲ್ಲಿ ನಾಸಾದಲ್ಲಿ ರಾಕೆಟ್ ಇಂಧನಕ್ಕಾಗಿ ಯೋಚಿಸಿದ ವಸ್ತು ಹೀಗೆ ಸಂಗೀತದ ಪಾಲಾಯಿತು). ಅದು ಕಾಯಿಲ್‌ನ ಬಿಸಿಯನ್ನು ಹೀರಿ ಅಯಸ್ಕಾಂತಕ್ಕೆ ದಾಟಿಸುತ್ತದೆ; ವರ್ಷಗಳು ಕಳೆದಂತೆ ಗಟ್ಟಿಯಾಗಿ ಗುಮ್ಮಟದ ಚಲನೆಯನ್ನು ತಡೆಯತೊಡಗುತ್ತದೆ. ದನಿ ಕುಂದುವುದು ಎಷ್ಟು ನಿಧಾನವೆಂದರೆ, ಪಕ್ಕದಲ್ಲಿ ಹೊಸದೊಂದು ಬಂದು ಕೂರುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಆಂಪ್ಲಿಫೈಯರ್ ಆರಿಸಿ, ತಂತಿಗಳ ಬಣ್ಣವನ್ನು ಗುರುತು ಹಾಕಿಕೊಂಡು, ಎರಡೂ ಟ್ವೀಟರ್‌ಗಳನ್ನು ಅದಲುಬದಲು ಮಾಡಿ, ಎರಡೂ ಕಡೆ ಒಂದೇ ದನಿ ಬರುವ ಮೊನೊ ಧ್ವನಿಮುದ್ರಣವೊಂದನ್ನು ನುಡಿಸಿ. ಮಂಕುತನ ಹಳೆಯ ಟ್ವೀಟರ್ ಜೊತೆಗೇ ಎಡಕ್ಕೆ ಹೋದರೆ ನನ್ನ ಸಂಶಯ ಸರಿ. ಬಲಗಡೆಯ ಪೆಟ್ಟಿಗೆಯಲ್ಲೇ ಉಳಿದರೆ ಕ್ರಾಸ್‌ಓವರ್‌ನ ಹಳೆಯ ಕೆಪಾಸಿಟರ್‌ಗಳನ್ನು, ಇಲ್ಲವೇ ಕೋಣೆಯ ಆ ಮೂಲೆಯನ್ನು ಶಂಕಿಸಬೇಕು. ತಿರುಪು ಬಿಚ್ಚುವಾಗ ಗುಮ್ಮಟದ ಮುಂದೆ ಅಂಗೈ ಅಡ್ಡ ಹಿಡಿಯಿರಿ, ಏಕೆಂದರೆ ಅಯಸ್ಕಾಂತವು ಸ್ಕ್ರೂಡ್ರೈವರನ್ನು ಕೈಯಿಂದ ಕಸಿದು ನೇರವಾಗಿ ಗುಮ್ಮಟದ ಮೇಲೆಯೇ ಎಳೆದುಕೊಳ್ಳುತ್ತದೆ. ತಂತಿ ಕಳಚಿರುವಾಗಲೇ ಮಲ್ಟಿಮೀಟರ್‌ನಿಂದ ಎರಡರ ರೋಧವನ್ನೂ ಅಳೆಯಿರಿ. 8 ಓಮ್‌ನ ಟ್ವೀಟರ್ ಸುಮಾರು 6 ತೋರಿಸುತ್ತದೆ. ಹೊಸದು 3ರ ಆಸುಪಾಸು ತೋರಿಸಿದರೆ ಅಂಗಡಿಯವರು 4 ಓಮ್‌ನದನ್ನು ಕೊಟ್ಟಿದ್ದಾರೆ, ಚುಚ್ಚುವ ದನಿಗೆ ಅದೇ ಕಾರಣವಿರಬಹುದು. ಮತ್ತೆ ಜೋಡಿಸುವಾಗ ಧನ–ಋಣ ತಿರುವುಮುರುವಾಗಬಾರದು. ಆದರೆ ಕೆಲವು ತಯಾರಕರು ಬೇಕೆಂದೇ ಟ್ವೀಟರನ್ನು ತಿರುವಿ ಜೋಡಿಸಿರುತ್ತಾರಾದ್ದರಿಂದ, ಇದ್ದ ಹಾಗೆಯೇ ಇಡುವುದು ಕ್ಷೇಮ.

ಹಳೆಯದೇ ಮಂಕಾಗಿದ್ದರೆ ಅದನ್ನೂ ಬದಲಾಯಿಸಿ, ಅಥವಾ ಅನುಭವಿಗಳಿಂದ ಹಳೆಯ ಎಣ್ಣೆಯನ್ನು ಒತ್ತುಕಾಗದದಿಂದ ಹೀರಿಸಿ, ತಯಾರಕರು ಹೇಳಿದ ದರ್ಜೆ ಮತ್ತು ಪ್ರಮಾಣದಲ್ಲಿ ಹೊಸದನ್ನು ಹಾಕಿಸಿ. ಮೊದಲ ಟ್ವೀಟರ್ ಏಕೆ ಸುಟ್ಟಿತು ಎಂಬುದನ್ನೂ ವಿಚಾರಿಸಿ. ಸಣ್ಣ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದಾಗ ಅಲೆಯ ತುದಿಗಳು ಕತ್ತರಿಸಿಹೋಗಿ, ಟ್ವೀಟರ್‌ಗೆ ತಾಳಲಾಗದಷ್ಟು ಶಕ್ತಿ ಹರಿಯುತ್ತದೆ.

ಪ್ರಶ್ನೆ: ಮೊಮ್ಮಗ ಟ್ವೀಟರ್‌ನ ಗುಮ್ಮಟವನ್ನು ಬೆರಳಿನಿಂದ ಒತ್ತಿ ಒಡೆದಿದ್ದಾನೆ. ಅದು ಬೆರಿಲಿಯಂನದಂತೆ. ಮನೆಯಲ್ಲೇ ಅಂಟಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಖಂಡಿತ ಬೇಡ. 1974ರ ಯಮಹಾ ಎನ್‌ಎಸ್-1000ರ ಕಾಲದಿಂದ ಬಳಕೆಯಲ್ಲಿರುವ ಈ ಲೋಹ ಇಡಿಯಾಗಿರುವಾಗ ನಿರಪಾಯಕಾರಿ, ಆದರೆ ಅದರ ಧೂಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾಗಬಹುದು. ಮಗುವನ್ನು ದೂರವಿಟ್ಟು, ಕೈಗವಸು ತೊಟ್ಟು, ಒಡೆದ ಗುಮ್ಮಟದ ಮೇಲೆ ಅಂಟುಪಟ್ಟಿ ಹಚ್ಚಿ. ಉದುರಿದ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಪೊರಕೆಯಾಗಲಿ ವ್ಯಾಕ್ಯೂಮ್ ಕ್ಲೀನರ್ ಆಗಲಿ ಬಳಸಬೇಡಿ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ತಯಾರಕರ ಅಧಿಕೃತ ಸೇವಾಕೇಂದ್ರಕ್ಕೆ ಒಪ್ಪಿಸಿ.