ಮೊದಲು ಕೆಲಸವೋ, ಮೊದಲು ಜರ್ಮನಿಯೋ

ಹೆಸರು ಬೇಡ, ಹುಡುಗಿ ಎಂದೇ ಬರೆಯುತ್ತೇನೆ. ಗುರುತು ಸಿಗಬಾರದೆಂದು ಮನೆಯ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ತಿಪಟೂರು ಕಡೆಯ ತೆಂಗಿನ ತೋಟದ ಮನೆ. ವಿಟಿಯು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಬಿ.ಇ., ಸಿಜಿಪಿಎ (ಒಟ್ಟು ಸರಾಸರಿ ಅಂಕ) ಹತ್ತಕ್ಕೆ 7.2. 2025ರ ಜೂನ್‌ನಲ್ಲಿ ಅಪ್ಪನ ಜೊತೆ ನನ್ನ ಹತ್ತಿರ ಸಲಹೆ ಕೇಳಲು ಬಂದಾಗ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಆಫರ್ ಲೆಟರ್: ಟೆಸ್ಟಿಂಗ್ ಕೆಲಸ, ವರ್ಷಕ್ಕೆ 3.6 ಲಕ್ಷ. ಇನ್ನೊಂದು, ಫೆಬ್ರವರಿಯಲ್ಲಿ ಬರೆದ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕಪಟ್ಟಿ.

ಮಾತೆಲ್ಲ ಅಪ್ಪನದೇ. "ಎರಡು ವರ್ಷ ಕೆಲ್ಸ ಮಾಡ್ಲಿ, ಆಮೇಲೆ ಜರ್ಮನಿಗೆ ಹೋಗ್ಲಿ ಅಂತೀನಿ ನಾನು. ಇವಳು ಈಗ್ಲೇ ಹೋಗ್ಬೇಕು ಅಂತಾಳೆ. ನೀವೇ ಹೇಳ್ಬಿಡಿ ಮೇಡಂ."

"ನೀವೇ ಹೇಳ್ಬಿಡಿ" ಎಂದವರಿಗೆ ಹೇಳಿಬಿಡಬಾರದು, ಓದು, ಕೆಲಸದ ಬಗ್ಗೆ ಸಲಹೆ ಕೊಡುವ ಈ ಕಸುಬಿನಲ್ಲಿ ಮೊದಲು ಕಲಿಯುವುದೇ ಅದು. ಆದರೂ ಅವತ್ತು ನಾನು ಎಡವಿದೆ. ನೇರವಾಗಿ ಲೆಕ್ಕಕ್ಕೆ ಇಳಿದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟಿನಲ್ಲಿ ಒಂದು ವರ್ಷದ ಖರ್ಚು 11,904 ಯೂರೋ ಇಟ್ಟು ತೋರಿಸಬೇಕು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಯೂರೋಗೆ 100 ರೂಪಾಯಿ ಎಂದು ಹಿಡಿದರೂ 12 ಲಕ್ಷದ ಹತ್ತಿರ ಎಂದೆ.

ಅಪ್ಪ ಸುಮ್ಮನಾದರು. ಆಮೇಲೆ ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ಮೇಜಿನ ಮೇಲಿಟ್ಟರು. "ತ್ವಾಟದ ಪಹಣಿ ಬ್ಯಾಂಕಿನೋರು ಮುಟ್ಟಲ್ಲ ಅಂದ್ರು. ಪ್ಯಾಟೇಲಿ ಒಂದು ಸೈಟೈತೆ, ಅದರ ಇ-ಖಾತೆ ಆಗಿಲ್ಲ." (ಇ-ಖಾತೆ ಎಂದರೆ ಸೈಟಿನ ಬಗ್ಗೆ ನಗರಸಭೆ ಕೊಡುವ ಡಿಜಿಟಲ್ ದಾಖಲೆ.) ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನಕ್ಕೆ ಒಪ್ಪುವುದಿಲ್ಲ. ಸಾಲ ತೀರದಿದ್ದರೆ ಅದನ್ನು ಬೇರೆ ಆಸ್ತಿಯಷ್ಟು ಸುಲಭವಾಗಿ ವಶಕ್ಕೆ ತೆಗೆದುಕೊಳ್ಳಲು ಕಾನೂನು ಬಿಡುವುದಿಲ್ಲ. ಆಗ ನನಗೆ ಹೊಳೆಯಿತು: "ಎರಡು ವರ್ಷ" ಎಂದದ್ದು ಮಗಳ ಅನುಭವಕ್ಕೆ ಬೇಕಾದ ಕಾಲವಲ್ಲ, ಸಾಲ ಹೊಂದಿಸಲು ಅಪ್ಪ ಕೇಳುತ್ತಿದ್ದ ಗಡುವು. ಮಗಳಿಗೆ ಅದು ಗೊತ್ತೇ ಇರಲಿಲ್ಲ. ಮೂರು ತಿಂಗಳಿಂದ ಮನೆಯಲ್ಲಿ ಜಗಳ ಮಾತ್ರ ನಡೆದಿತ್ತು.

ಎರಡನೇ ಸಲ ಅವಳೊಬ್ಬಳನ್ನೇ ಕರೆದೆ. ಈಗಲೇ ಹೋಗುವ ಅವಸರ ಏಕೆ ಎಂದರೆ, ವಿದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆನ್ಸಿಯವರು "ಗ್ಯಾಪ್ ಬಿದ್ರೆ ವೀಸಾ ಸಿಗಲ್ಲ" ಎಂದು ಹೆದರಿಸಿದ್ದರು. ಜೊತೆಗೆ ವಾರಕ್ಕೊಬ್ಬ ಗೆಳತಿಯ ಏರ್‌ಪೋರ್ಟ್ ಸ್ಟೇಟಸ್. ಗ್ಯಾಪ್ ಎಂದರೆ ಲೆಕ್ಕ ಕೊಡಲಾಗದ ಕಾಲ. ಸಂಬಳದ ಚೀಟಿ, ಅನುಭವ ಪತ್ರ ಇರುವ ವರ್ಷ ಗ್ಯಾಪ್ ಅಲ್ಲ ಎಂದೆ. (ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳು ಇಂಥ ಕನ್ಸಲ್ಟೆನ್ಸಿಗಳಿಗೆ ಕಮಿಷನ್ ಕೊಡುವುದಿಲ್ಲ. ಅವರು ಅವಳಿಗೆ ತೋರಿಸಿದ ಪಟ್ಟಿಯಲ್ಲಿ ಇದ್ದವೆಲ್ಲ ದುಬಾರಿ ಖಾಸಗಿ ಕಾಲೇಜುಗಳೇ. ಅವಸರ ಯಾರದು ಎಂದು ಅದರಲ್ಲೇ ತಿಳಿಯುತ್ತದೆ.)

ಆಮೇಲೆ ಆ ಟೆಸ್ಟಿಂಗ್ ಕೆಲಸದ ಒಂದು ದಿನ ಹೇಗಿರುತ್ತದೆ ಹೇಳು ಎಂದೆ. ಪಿಜಿ, ಬಸ್ಸು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಎಲ್ಲ ಹೇಳಿದಳು. ಆಫೀಸಿನ ಬಾಗಿಲ ಹತ್ತಿರ ಮಾತು ನಿಂತಿತು. ಜರ್ಮನಿಯಲ್ಲಿ ಏನು ಓದುತ್ತೀ ಎಂದರೆ "ರಿನ್ಯೂವಬಲ್ ಎನರ್ಜಿ ಮೇಡಂ, ಸ್ಕೋಪ್ ಇದೆ." ಇದು ಎಲ್ಲರೂ ಹೇಳುವ ಉತ್ತರ. ಯಾಕೆ ಅದೇ ಎಂದು ಕೆದಕಿದಾಗ ಪಾವಗಡದ ಸೋಲಾರ್ ಪಾರ್ಕಿಗೆ ಕಾಲೇಜಿನವರು ಕರೆದುಕೊಂಡು ಹೋಗಿದ್ದು ಬಂತು. 13,000 ಎಕರೆ, 2,050 ಮೆಗಾವಾಟ್. ಅವಳಿಗೆ ಆ ದೊಡ್ಡಸ್ತಿಕೆ ಅಷ್ಟೇನೂ ನೆನಪಿರಲಿಲ್ಲ. ನನ್ನ ಪ್ಯಾಡು ಎಳೆದುಕೊಂಡು ಪ್ಯಾನೆಲ್‌ಗಳ ಸಾಲು, ಕಂಬೈನರ್ ಬಾಕ್ಸ್, ಇನ್ವರ್ಟರ್ ಬರೆದಳು. ಸಾಲಿನ ಒಂದು ಪ್ಯಾನೆಲ್ ಮೇಲೆ ದೂಳು ಕೂತರೆ ಉಳಿದವುಗಳ ಕರೆಂಟೂ ಹೇಗೆ ಇಳಿಯುತ್ತದೆ ಎಂದು ಐದು ನಿಮಿಷ ವಿವರಿಸಿದಳು. ನನಗೆ ಅರ್ಧ ಅರ್ಥವಾಗಲಿಲ್ಲ. ಆದರೆ ಆಫರ್ ಲೆಟರ್ ಬಗ್ಗೆ ಒಂದು ನಿಮಿಷವೂ ಮಾತಾಡದವಳು ಇವಳೇನಾ ಅನ್ನಿಸಿತು.

ಮೂರನೇ ಸಲ ಇಬ್ಬರನ್ನೂ ಕೂರಿಸಿಕೊಂಡು ಸಲಹೆ ಕೊಟ್ಟೆ.

ಮೊದಲು ಅಪ್ಪನ ತಪ್ಪು ಕಲ್ಪನೆ. ಸಾಲದ ಮಾತು ಹಾಗಿರಲಿ, ಕೆಲಸದ ಅನುಭವವಿದ್ದರೆ ಸೀಟು ಸುಲಭ ಎಂದೂ ಅವರು ನಂಬಿದ್ದರು. ಎಂಬಿಎ ಆಗಿದ್ದರೆ ಅನುಭವ ತುಂಬಾ ತೂಗುತ್ತದೆ. ಜರ್ಮನಿಯ ಸಾಮಾನ್ಯ ಎಂ.ಎಸ್‌ಸಿ.ಗೆ, ಅಂದರೆ ಬಿ.ಇ. ಮುಂದುವರಿದಂತೆ ಓದುವ ಕೋರ್ಸಿಗೆ, ಅನುಭವ ಕಡ್ಡಾಯವಲ್ಲ. ಅಲ್ಲಿ ನೋಡುವುದು ಯಾವ ವಿಷಯ ಎಷ್ಟು ಓದಿದ್ದೀ ಮತ್ತು ಅಂಕ ಎಷ್ಟು ಎಂದು. ನಮ್ಮ ಸಿಜಿಪಿಎಯನ್ನು ಅವರ ಶ್ರೇಣಿಗೆ ಇಳಿಸುವ ಸೂತ್ರವೊಂದಿದೆ. ಅದರಲ್ಲಿ 1 ಎಂದರೆ ಉತ್ತಮ, 4 ಎಂದರೆ ಬರೀ ಪಾಸು. ಕಾಗದದ ಮೇಲೆ ಮಾಡಿ ತೋರಿಸಿದೆ: 10ರಿಂದ 7.2 ಕಳೆ, 2.8. ಪಾಸಿನ ಗೆರೆ 4 ಎಂದು ಹಿಡಿದರೆ ಅದನ್ನು 6ರಿಂದ ಭಾಗಿಸಿ 3ರಿಂದ ಗುಣಿಸಿ 1 ಕೂಡಿಸು: 2.4. ಗೆರೆ 5 ಎಂದು ಹಿಡಿದರೆ 2.68. ಎಷ್ಟೋ ಕೋರ್ಸುಗಳ ಬಾಗಿಲು 2.5ಕ್ಕೆ ಮುಚ್ಚುತ್ತದೆ. ಹತ್ತು ವರ್ಷ ಟೆಸ್ಟಿಂಗ್ ಮಾಡಿದರೂ ಈ ಅಂಕಿ ಕದಲುವುದಿಲ್ಲ. ಹಾಗಾಗಿ ಪಾಸಿನ ಗೆರೆ ಎಷ್ಟು ಎಂದು ಕಾಲೇಜಿನಿಂದ ಬರಹದಲ್ಲಿ ತೆಗೆದುಕೋ ಎಂದೆ.

ಇನ್ನು ಮಗಳದು. ಈ ವರ್ಷವೇ ಹೋಗುತ್ತೇನೆ ಎಂಬ ಮಾತು ಆಗಲೇ ಕೈಮೀರಿತ್ತು. ಭಾರತದವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ, ಅಂದರೆ ಓದಿನ ದಾಖಲೆಗಳು ಅಸಲಿ ಎಂದು ಜರ್ಮನಿಯ ಕಡೆಯವರು ನೋಡಿ ಕೊಡುವ ಪತ್ರ, ಬೇಕು. ಅವಳು ಅರ್ಜಿಯನ್ನೇ ಹಾಕಿರಲಿಲ್ಲ. ಬಹಳಷ್ಟು ಅರ್ಜಿಗಳ ಕೊನೆ ದಿನ ಜುಲೈ 15, ಕೆಲವದು ಇನ್ನೂ ಮುಂಚೆ. ಆದ್ದರಿಂದ 2026ರ ಅಕ್ಟೋಬರ್ ಎಂದು ಇಟ್ಟುಕೋ ಎಂದೆ. ಐಇಎಲ್‌ಟಿಎಸ್ ಎರಡು ವರ್ಷ ಚಾಲ್ತಿ, 2027ರ ಫೆಬ್ರವರಿವರೆಗೆ. ಒಂದು ವರ್ಷ ಕೆಲಸ ಮಾಡಿದರೆ ಇದೇ ಅಂಕಪಟ್ಟಿ ಸಾಕು. ಎರಡು ವರ್ಷವಾದರೆ ಮತ್ತೆ ಬರೆಯಬೇಕು, ರೆಕಮಂಡೇಶನ್ ಕೊಡುವ ಮೇಷ್ಟರಿಗೂ ಮುಖ ಮರೆತಿರುತ್ತದೆ.

ಯಾವ ಕೆಲಸ ಎಂಬುದೇ ಮುಖ್ಯ. ಆಫರ್ ಲೆಟರಿನ ಐದನೇ ಪುಟ ಇಬ್ಬರೂ ಓದಿರಲಿಲ್ಲ: ಎರಡು ವರ್ಷದ ಬಾಂಡು, ಬಿಟ್ಟರೆ ಒಂದು ಲಕ್ಷ ದಂಡ, ಮೂರು ತಿಂಗಳ ನೋಟಿಸು. ಅಡ್ಮಿಷನ್ ಆಗಸ್ಟಿನಲ್ಲಿ ಬಂದರೆ ಮೂರು ತಿಂಗಳ ನೋಟಿಸಿಗೆ ಕೂತು ಅಕ್ಟೋಬರ್‌ಗೆ ತಲುಪುವುದು ಹೇಗೆ? ಸಂಬಳ ಅರ್ಧವಾದರೂ ಸರಿ, ಸೋಲಾರ್ ನಿರ್ವಹಣೆ ಮಾಡುವ ಗುತ್ತಿಗೆದಾರರ ಹತ್ತಿರ ಕೇಳು. ಮೇ ಬಿಸಿಲಿನಲ್ಲಿ ಆ ಪ್ಯಾನೆಲ್‌ಗಳ ನಡುವೆ ನಿಂತ ಮೇಲೂ ಇದನ್ನೇ ಓದಬೇಕು ಅನ್ನಿಸುತ್ತದಾ ನೋಡು. ಅನ್ನಿಸದಿದ್ದರೆ 12 ಲಕ್ಷ ಉಳಿಯಿತು ಎಂದೆ. ಅಪ್ಪನಿಗೆ ಆ ಕೊನೇ ಮಾತು ಹಿಡಿಸಿತು. ಅವಳಿಗೆ ಅಷ್ಟು ಹಿಡಿಸಲಿಲ್ಲ.

ಅಲ್ಲಿ ಓದುತ್ತಾ ದುಡಿಯಬಹುದಲ್ಲ ಎಂದು ಕೇಳಿದಳು. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅವಕಾಶವಿದೆ. ಆದರೆ ಮೊದಲ ಆರು ತಿಂಗಳು ಆ ದುಡ್ಡನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದೆ.

2026ರ ಮಾರ್ಚ್‌ನಲ್ಲಿ ಫೋನ್ ಬಂತು. ತಿಂಗಳಿಗೆ 18,000ದ ಕೆಲಸ, ಎಂಟು ತಿಂಗಳಾಗಿತ್ತು. ಎಪಿಎಸ್ ಕೈಗೆ ಬಂದಿದೆ. ನಾಲ್ಕು ಕಡೆ ಅರ್ಜಿ ಹಾಕಿ, ಒಂದು ಕಡೆ ಗಣಿತದ ಕ್ರೆಡಿಟ್ ಸಾಲದೆಂದು ತಿರಸ್ಕಾರವೂ ಆಗಿದೆ. ಅವಳು ಕೇಳಿದ್ದು ಮಾತ್ರ ಬೇರೆ: ನೀರಿಲ್ಲದ ಕಡೆ ಪ್ಯಾನೆಲ್ ತೊಳೆಯುವ ಪರದಾಟವನ್ನು ಮೋಟಿವೇಶನ್ ಲೆಟರಿನಲ್ಲಿ (ಈ ಕೋರ್ಸೇ ಯಾಕೆ ಎಂದು ಅರ್ಜಿಯ ಜೊತೆ ಬರೆಯುವ ಪತ್ರದಲ್ಲಿ) ಬರೆಯಬಹುದಾ, ಚಿಕ್ಕ ವಿಷಯ ಆಗಲ್ವಾ? ಅದನ್ನೇ ಮೊದಲು ಬರಿ ಎಂದೆ. ಸೈಟಿನ ಇ-ಖಾತೆ ಏನಾಯಿತು ಎಂದು ಕೇಳಿದರೆ ನಕ್ಕಳು. "ಅಪ್ಪ ಇವತ್ತೂ ನಗರಸಭೆಗೇ ಹೋಗಿದಾರೆ ಮೇಡಂ."