ನೀವು ಕೇಳಿದಿರಿ: ಓಲೆ ಯಾವ ಕಿವಿಯಲ್ಲಿದೆ ಅಂತ ತಕ್ಕಡಿ ಹೇಳಲ್ಲ

ಪ್ರಶ್ನೆ: ಮಗಳು ಬೆಂಗಳೂರಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದಾಳೆ. ಏನು ಕೆಲಸ ಅಂದ್ರೆ 'ಕ್ಯಾನ್ಸರ್ ಇಂಜೆಕ್ಷನ್ನಿನ ಸಕ್ಕರೆ ನೋಡೋದು' ಅಂತಾಳೆ. ಇಂಜೆಕ್ಷನ್ನಿನಲ್ಲಿ ಸಕ್ಕರೆ ಯಾಕೆ? ಶುಗರ್ ಇರುವವರಿಗೆ ತೊಂದರೆ ಇಲ್ವಾ? (ಒಬ್ಬ ತಾಯಿ, ಹಾಸನ)

ಗಾಬರಿ ಬೇಡಮ್ಮ, ಅದು ಕಾಫಿಗೆ ಹಾಕುವ ಸಕ್ಕರೆ ಅಲ್ಲ. ಜೀವಕೋಶಗಳು ಪ್ರೊಟೀನ್ ಕಟ್ಟುವಾಗ ಅದರ ಮೈಮೇಲೆ ಅಲ್ಲಲ್ಲಿ ಸಕ್ಕರೆಯ ಸರ ತೊಡಿಸುತ್ತವೆ. ಮ್ಯಾನೋಸ್, ಗ್ಯಾಲಕ್ಟೋಸ್, ಫ್ಯೂಕೋಸ್, ಸಿಯಾಲಿಕ್ ಆಮ್ಲ, ಇಂಥವೇ ಆ ಸರದ ಮಣಿಗಳು. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್ ಒಂದು ಆಂಟಿಬಾಡಿ, ಅಂದರೆ ಗುರಿ ಹುಡುಕಿ ಅಂಟಿಕೊಳ್ಳುವ ಪ್ರೊಟೀನ್. ಅದರ ಒಟ್ಟು ತೂಕದಲ್ಲಿ ಸಕ್ಕರೆ ಶೇ. 2-3ರಷ್ಟು ಮಾತ್ರ. 440 ಮಿಲಿಗ್ರಾಂ ಆಂಟಿಬಾಡಿಯಲ್ಲಿ ಹತ್ತು ಮಿಲಿಗ್ರಾಂ ಆಸುಪಾಸು ಅಂತಿಟ್ಟುಕೊಳ್ಳಿ. ಅಷ್ಟಕ್ಕೆ ಯಾರ ಶುಗರೂ ಏರಲ್ಲ.

ಆದರೆ ಆ ಹತ್ತು ಮಿಲಿಗ್ರಾಂ ಮೇಲೆ ಕಣ್ಣಿಡದಿದ್ದರೆ ಕಷ್ಟ. ಈ ಔಷಧವನ್ನು ಹ್ಯಾಮ್‌ಸ್ಟರ್ ಅನ್ನೋ ಇಲಿಯಂಥ ಪ್ರಾಣಿಯ ಜೀವಕೋಶಗಳು ದೊಡ್ಡ ಟ್ಯಾಂಕುಗಳಲ್ಲಿ ತಯಾರಿಸುತ್ತವೆ. ಅವಕ್ಕೆ ಹಾಕುವ ಆಹಾರ, ಟ್ಯಾಂಕಿನ ಬಿಸಿ ಸ್ವಲ್ಪ ಆಚೀಚೆ ಆದರೂ ಸರದ ಮಣಿಗಳು ಬದಲಾಗಬಹುದು. ಫ್ಯೂಕೋಸ್ ಅನ್ನೋ ಒಂದೇ ಒಂದು ಮಣಿ ಇಲ್ಲದಿದ್ದರೆ ನಮ್ಮ ರೋಗನಿರೋಧಕ ಕೋಶಗಳು ಆ ಆಂಟಿಬಾಡಿಯನ್ನು ಇನ್ನೂ ಬಿಗಿಯಾಗಿ ಹಿಡಿದು ಕ್ಯಾನ್ಸರ್ ಕೋಶವನ್ನು ಜಾಸ್ತಿ ಜೋರಾಗಿ ಕೊಲ್ಲುತ್ತವೆ. ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಸೇರಿ ಮಾಡಿದ ಟ್ರಾಸ್ಟುಜುಮ್ಯಾಬ್‌ಗೆ ಡಿಸೆಂಬರ್ 2017ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು. ಇಂಥ, ಅಂದರೆ ಬೇರೆ ಕಂಪನಿಯ ಮೂಲ ಔಷಧವನ್ನು ಹೋಲುವಂತೆ ಮಾಡಿದ ಔಷಧಗಳು ಅದರ ಹಾಗೇ ಇವೆ ಅಂತ ತೋರಿಸುವಾಗ ಸಕ್ಕರೆಯ ಲೆಕ್ಕವನ್ನೂ ಒಪ್ಪಿಸಬೇಕು.

ಲೆಕ್ಕ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಕತೆ ಇದೆ. ಅಮೆರಿಕದ ಟೆನ್ನೆಸಿ, ನಾರ್ತ್ ಕೆರೊಲೈನಾ ಕಡೆ ಸೆಟುಕ್ಸಿಮ್ಯಾಬ್ ಅನ್ನೋ ಇನ್ನೊಂದು ಕ್ಯಾನ್ಸರ್ ಆಂಟಿಬಾಡಿ ತಗೊಂಡ ಕೆಲವರಿಗೆ ಮೊದಲ ಸಲವೇ ಜೀವಕ್ಕೆ ಕುತ್ತು ತರುವಂಥ ಅಲರ್ಜಿ ಆಗುತ್ತಿತ್ತು. 2008ರಲ್ಲಿ ಕಾರಣ ಸಿಕ್ಕಿತು. ಅದನ್ನು ಇಲಿಯ ಕೋಶಗಳಲ್ಲಿ ಮಾಡುತ್ತಿದ್ದರು, ಹಾಗಾಗಿ ಸರದ ತುದಿಯಲ್ಲಿ ಮನುಷ್ಯರ ಮೈಯಲ್ಲಿ ಇಲ್ಲದ ಆಲ್ಫಾ-ಗ್ಯಾಲ್ ಅನ್ನೋ ಜೋಡಿ ಮಣಿ ಕೂತಿತ್ತು. ಆ ಕಡೆಯ ಜನರ ಮೈ ಮಾತ್ರ ಆ ಮಣಿಯ ಮೇಲೆ ಮೊದಲೇ ಸಿಟ್ಟಾಗಿದ್ದು ಯಾಕೆ? ಉಣ್ಣಿ ಕಚ್ಚಿ! ಅದು ಗೊತ್ತಾಗಿದ್ದು ಇನ್ನೂ ಆಮೇಲೆ. ನಿಮ್ಮ ಮಗಳು ಸುಮ್ನೆ ಕೂತು ಸಕ್ಕರೆ ನೋಡ್ತಿಲ್ಲ, ಅಲ್ವಾ?

ಪ್ರಶ್ನೆ: ಮಾಸ್ ಸ್ಪೆಕ್ಟ್ರೋಮೀಟರ್ ಇರುವಾಗ ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್ ಯಾಕೆ ಬೇಕು? (ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ)

ಮಾಸ್ ಸ್ಪೆಕ್ಟ್ರೋಮೀಟರ್ ಅಂದರೆ ಭಾರೀ ಸೂಕ್ಷ್ಮದ ತಕ್ಕಡಿ. ಗ್ಲೂಕೋಸ್, ಗ್ಯಾಲಕ್ಟೋಸ್, ಮ್ಯಾನೋಸ್ ಮೂರೂ ಸರದೊಳಗೆ 162 ಡಾಲ್ಟನ್ (ಅಣುಗಳ ತೂಕದ ಅಳತೆ) ತೂಗುತ್ತವೆ, ಮೂರಕ್ಕೂ ಒಂದೇ ತೂಕ. ಇನ್ನೂ ತಲೆನೋವು ಅಂದ್ರೆ, ಆಂಟಿಬಾಡಿಯ ಸರ ಮುಂದೆ ಹೋಗಿ ಎರಡು ಕವಲಾಗುತ್ತದೆ. ಒಂದೇ ಗ್ಯಾಲಕ್ಟೋಸ್ ಇದ್ದರೆ ಅದು ಈ ಕವಲಿನಲ್ಲೂ ಇರಬಹುದು, ಆ ಕವಲಿನಲ್ಲೂ ಇರಬಹುದು. ಒಂದೇ ಕಿವಿಗೆ ಓಲೆ ಹಾಕಿದವಳನ್ನು ತೂಕ ಮಾಡಿ ಓಲೆ ಎಡಕ್ಕೋ ಬಲಕ್ಕೋ ಅಂತ ಹೇಳಿ ನೋಡೋಣ. ಆಗಲ್ಲ. ಅವಳು ನಡೆದು ಬರುವುದನ್ನು ನೋಡಬೇಕು. ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್, ಅಂದರೆ ಕೂದಲೆಳೆಯಂಥ ಕೊಳವೆಯಲ್ಲಿ ವಿದ್ಯುತ್ ಕೊಟ್ಟು ಅಣುಗಳನ್ನು ಓಡಿಸುವ ವಿಧಾನ, ಮಾಡುವುದು ಅದನ್ನೇ.

ಮೊದಲು ಪಿಎನ್‌ಜಿಯೇಸ್-ಎಫ್ ಅನ್ನೋ ಕಿಣ್ವ ಹಾಕಿ ಸರವನ್ನು ಪ್ರೊಟೀನಿನಿಂದ ಬಿಡಿಸುತ್ತಾರೆ. ಬಿಡಿಸಿದ ಸಕ್ಕರೆಗಳಲ್ಲಿ ಹೆಚ್ಚಿನವಕ್ಕೆ ಚಾರ್ಜೂ ಇಲ್ಲ, ಹೊಳಪೂ ಇಲ್ಲ. ಅದಕ್ಕೇ ಎಪಿಟಿಎಸ್ ಅನ್ನೋ ಬಣ್ಣ ಅಂಟಿಸುತ್ತಾರೆ. ಅದರಲ್ಲಿ ಮೂರು ಋಣ ಚಾರ್ಜ್ ಇದೆ, ಜೊತೆಗೆ 488 ನ್ಯಾನೋಮೀಟರ್ ಲೇಸರ್ ಬಿದ್ದರೆ ಹಸಿರಾಗಿ ಹೊಳೆಯುತ್ತದೆ, ಅಂದರೆ ಓಡುವ ಶಕ್ತಿ ಮತ್ತು ಕಾಣಿಸುವ ಗುಣ ಎರಡೂ ಒಂದೇ ಏಟಿಗೆ ಸಿಕ್ಕಂತಾಯಿತು. ಆಮೇಲೆ 50 ಮೈಕ್ರೋಮೀಟರ್ ರಂಧ್ರದ, ಅರ್ಧ ಮೀಟರ್ ಉದ್ದದ ಗಾಜಿನ ಕೊಳವೆಗೆ ಬಿಟ್ಟು 30,000 ವೋಲ್ಟ್ ಕೊಡುತ್ತಾರೆ. ಕೊಳವೆ ಅಷ್ಟು ಸಣ್ಣ ಇರೋದರಿಂದಲೇ ಬಿಸಿ ಬೇಗ ಹೊರಗೆ ಹೋಗುತ್ತದೆ, ಇಲ್ಲದಿದ್ದರೆ ಅಷ್ಟು ವೋಲ್ಟಿಗೆ ಒಳಗಿನ ದ್ರಾವಣ ಕುದ್ದೇ ಹೋಗುತ್ತಿತ್ತು. ಗಾತ್ರ ಮಾತ್ರ ಅಲ್ಲ, ಆಕಾರವೂ ಓಟದ ವೇಗವನ್ನು ಬದಲಿಸುತ್ತದೆ. ಹಾಗಾಗಿ ಎಡ ಓಲೆಯವಳು, ಬಲ ಓಲೆಯವಳು ಬೇರೆ ಬೇರೆ ಹೊತ್ತಿಗೆ ಬರುತ್ತಾರೆ. ಜೊತೆಗೆ ಒಂದು, ಎರಡು, ಮೂರು ಹೀಗೆ ಗ್ಲೂಕೋಸ್ ಪೋಣಿಸಿದ ಸರಗಳನ್ನೂ ಓಡಿಸಿ, ಅವನ್ನೇ ಮೈಲಿಗಲ್ಲು ಮಾಡಿಕೊಳ್ಳುತ್ತಾರೆ.

ಹಾಗಂತ ತಕ್ಕಡಿ ಬಿಡೋ ಹಾಗಿಲ್ಲ. ಗ್ರಾಫಿನಲ್ಲಿ ಯಾವತ್ತೂ ನೋಡದ ಪೀಕ್ (ಏರು) ಬಂದರೆ ಅದು ಯಾರು ಅಂತ ತೂಕವೇ ಸುಳಿವು ಕೊಡಬೇಕು. ಎರಡನ್ನೂ ನೇರ ಜೋಡಿಸಬಹುದಲ್ಲ ಅಂತೀರಿ. ಜೋಡಿಸುತ್ತಾರೆ, ಆದರೆ ಅದು ಅತ್ತೆ-ಸೊಸೆ ಜಗಳ. ಕ್ಯಾಪಿಲರಿಗೆ ಇಷ್ಟವಾಗುವ ಉಪ್ಪು, ಜೆಲ್ ಮಾಸ್‌ಗೆ ಆಗಲ್ಲ, ಅದಕ್ಕೆ ಆವಿಯಾಗಿ ಹೋಗುವ ಅಮೋನಿಯಂ ಅಸಿಟೇಟಿನಂಥದ್ದೇ ಬೇಕು. ಎಷ್ಟೋ ಲ್ಯಾಬುಗಳು ಒಂದೇ ಸ್ಯಾಂಪಲ್ಲನ್ನು ಎರಡರಲ್ಲೂ ಬೇರೆ ಬೇರೆ ಹಾಕಿ ತಾಳೆ ನೋಡುತ್ತವೆ, ನನಗೂ ಅದೇ ಸರಿ ಅನ್ನಿಸುತ್ತೆ. ಪ್ರಾಜೆಕ್ಟಿಗೆ ಇದನ್ನು ಮಾಡುತ್ತಿದ್ದರೆ ಒಂದು ಮಾತು: ಬಣ್ಣ ಅಂಟಿಸುವ ಸೋಡಿಯಂ ಸಯನೋಬೋರೋಹೈಡ್ರೈಡ್‌ಗೆ ಆಮ್ಲ ಸೇರಿದರೆ ಸಯನೈಡ್ ಅನಿಲ ಬರಬಹುದು. ಫ್ಯೂಮ್ ಹುಡ್ ಬಿಟ್ಟು ಹೊರಗೆ ಮಾಡಲೇಬೇಡಿ.

ಪ್ರಶ್ನೆ: ನನ್ನ ಎಚ್‌ಬಿಎ1ಸಿ ರಿಪೋರ್ಟಿನಲ್ಲೂ 'ಕ್ಯಾಪಿಲರಿ ಎಲೆಕ್ಟ್ರೋಫೊರೆಸಿಸ್' ಅಂತಿದೆ. ಇದೂ ಅದೇನಾ? (ನಿವೃತ್ತ ಶಿಕ್ಷಕರು, ಶಿವಮೊಗ್ಗ)

ವಿಧಾನ ಅದೇ ಜಾತಿಯದು ಮೇಷ್ಟ್ರೇ, ಸಕ್ಕರೆ ಬೇರೆ. ಮೇಲೆ ಹೇಳಿದ್ದು ಕಿಣ್ವಗಳು ಕೂತು ಪೋಣಿಸಿದ ಸರ. ನಿಮ್ಮ ರಿಪೋರ್ಟಿನದ್ದು ರಕ್ತದ ಗ್ಲೂಕೋಸ್ ಹಿಮೋಗ್ಲೋಬಿನ್ನಿಗೆ ತಾನಾಗೇ ಮೆತ್ತಿಕೊಂಡದ್ದು, ಗ್ಲೂಕೋಸ್ ಜಾಸ್ತಿ ಇದ್ದಷ್ಟೂ ಜಾಸ್ತಿ ಮೆತ್ತುತ್ತದೆ. ಒಂದು ಒಡವೆ, ಇನ್ನೊಂದು ಜಿಡ್ಡು.

ಪ್ರಶ್ನೆ: ಕುಡಿತ ಬಿಟ್ಟಿದ್ದೀನಿ ಅಂದರೂ ರಕ್ತದ ಸಕ್ಕರೆ ಸರ ನೋಡಿ ಹಿಡೀತಾರಂತೆ, ನಿಜಾನಾ? (ಹೆಸರು ಬೇಡ ಅಂದವರು)

ನಿಜ. ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್ ಅನ್ನೋ ಪ್ರೊಟೀನಿಗೆ ಎರಡು ಸರ ಇರುತ್ತವೆ. ವಾರಗಟ್ಟಲೆ ದಿನಾ ಜೋರಾಗಿ ಕುಡಿದರೆ ಸರವೇ ಉದುರಿದ ಟ್ರಾನ್ಸ್‌ಫೆರಿನ್ ಜಾಸ್ತಿಯಾಗುತ್ತದೆ, ಕ್ಯಾಪಿಲರಿಯಲ್ಲಿ ಅದು ಬೇರೆಯಾಗಿ ಕಾಣುತ್ತದೆ. ಹುಟ್ಟಿನಿಂದ ಬರುವ ಕೆಲವು ಅಪರೂಪದ ಕಾಯಿಲೆಗಳಲ್ಲೂ ಹೀಗಾಗುತ್ತದೆ, ಆದ್ದರಿಂದ ಡಾಕ್ಟರು ಇದೊಂದನ್ನೇ ನೋಡಿ ತೀರ್ಮಾನ ಮಾಡಲ್ಲ. ಪೂರ್ತಿ ಬಿಟ್ಟರೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಮೊನ್ನೆ ಮದುವೆಮನೆಯಲ್ಲಿ ಹಾಕಿದ ಒಂದು ಪೆಗ್ ಮಾತ್ರ ಇದರಲ್ಲಿ ಸಿಗಲ್ಲ. ಅದಕ್ಕೆ ಮನೆಯವರ ಮೂಗೇ ಸಾಕು.